ಕಣ್ಣಿನ ಸುತ್ತ ಲಿಂಫೋಮಾ ಅಂದಾಗ ಏನು ಮಾಡಬೇಕು: ಅಮ್ಮನ ಜೊತೆ ಓಡಾಡಿ ಕಲಿತದ್ದು

ಅಮ್ಮನ ಎಡಗಣ್ಣಿನ ಕೆಳರೆಪ್ಪೆ ಎಳೆದರೆ ಒಳಗೊಂದು ಮೆತ್ತನೆಯ ಮಡಿಕೆ ಕಾಣುತ್ತಿತ್ತು. ಕೆಂಪು ಸೀಬೆಹಣ್ಣಿನ ತಿರುಳಿನ ಬಣ್ಣ. ನೋವಿಲ್ಲ, ಕೀವಿಲ್ಲ. ಅಲರ್ಜಿ ಅಂತ ಆರು ತಿಂಗಳು ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದೆವು. ಹಾಕಿದಾಗ ಇಳಿಯುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಸ್ಟೀರಾಯ್ಡ್‌ಗೆ ಲಿಂಫೋಮಾವೂ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಸ್ವಲ್ಪ ಕಾಲ ಕರಗುತ್ತದೆ ಅಂತ ಆಗ ನಮಗೆ ಗೊತ್ತಿರಲಿಲ್ಲ. ಹೀಗೆ ಗುಲಾಬಿ ಗಂಟೋ, ಜೋತುಬಿದ್ದ ರೆಪ್ಪೆಯೋ, ಮುಂದೆ ಬಂದ ಕಣ್ಣೋ ವಾರಗಟ್ಟಲೆ ಇದ್ದರೆ ಡ್ರಾಪ್ಸ್ ಬದಲಾಯಿಸುತ್ತಾ ಕೂರಬೇಡಿ. ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ, ಬೇಕಾ ಅಂತ ನೀವೇ ಕೇಳಿ.

ಬಯಾಪ್ಸಿ ರಿಪೋರ್ಟ್ ಬಂದಾಗ ಮೊದಲು ಯಾವ ಬಗೆಯ ಲಿಂಫೋಮಾ ಅಂತ ನೋಡಿ. ಕಣ್ಣಿನ ಸುತ್ತ ಹೆಚ್ಚಾಗಿ ಬರುವುದು ಮಾಲ್ಟ್ ಲಿಂಫೋಮಾ. ಅದು ನಿಧಾನವಾಗಿ ಬೆಳೆಯುತ್ತದೆ. ಮ್ಯಾಂಟಲ್ ಸೆಲ್ ಅಥವಾ ಲಾರ್ಜ್ ಬಿ ಸೆಲ್ ಎಂಬ ವೇಗದ ಬಗೆ ಅಂತಿದ್ದರೆ ದಾರಿಯೇ ಬೇರೆ, ಸಾಮಾನ್ಯವಾಗಿ ಕೀಮೋ ಬೇಕಾಗುತ್ತದೆ, ತಡ ಮಾಡಬಾರದು. ಬಯಾಪ್ಸಿಯ ಚೂರನ್ನು ಕಾಪಿಟ್ಟ, ಲ್ಯಾಬಿನಲ್ಲಿರುವ ಸ್ಲೈಡು ಮತ್ತು ಮೇಣದ ಬ್ಲಾಕ್ ಎಲ್ಲಿವೆ ಅಂತ ತಿಳಿದುಕೊಂಡಿರಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಲು ಹೋದರೆ ಅವೇ ಬೇಕು.

ಆಮೇಲೆ ಇಡೀ ದೇಹದ ಪರೀಕ್ಷೆ. ಕಣ್ಣಿನ ಎಂಆರ್‌ಐ, ಪೆಟ್ ಸ್ಕ್ಯಾನ್, ಕೆಲವರಿಗೆ ಮೂಳೆಮಜ್ಜೆ ಪರೀಕ್ಷೆ. ರಕ್ತದಲ್ಲಿ ಎಲ್‌ಡಿಎಚ್ (ಕಾಯಿಲೆ ಜೋರಿದ್ದರೆ ಏರಬಹುದಾದ ಒಂದು ಕಿಣ್ವ), ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ. ಲಿಂಫೋಮಾಕ್ಕೆ ಕೊಡುವ ರಿಟುಕ್ಸಿಮ್ಯಾಬ್ ಎಂಬ ಔಷಧಿ ಶುರುಮಾಡುವ ಮೊದಲು ಹೆಪಟೈಟಿಸ್ ಬಿ ನೋಡಲೇಬೇಕು. ಮಲಗಿದ್ದ ವೈರಸ್ಸನ್ನು ಆ ಔಷಧಿ ಎಬ್ಬಿಸಬಹುದು.

ಮಾಲ್ಟ್ ಕಣ್ಣಿನ ಸುತ್ತ ಮಾತ್ರ ಇದ್ದರೆ ರೇಡಿಯೇಷನ್ನೇ ಮುಖ್ಯ ಚಿಕಿತ್ಸೆ. ಅಮ್ಮನಿಗೆ 24 ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ), 12 ಸಿಟ್ಟಿಂಗ್. ಈಗ ಕೆಲವು ಕಡೆ ಎರಡೇ ಸಿಟ್ಟಿಂಗಿನಲ್ಲಿ 4 ಗ್ರೇ ಕೊಟ್ಟು ನೋಡುತ್ತಾರೆ. ನಿಮಗೆ ಅದು ಆಗುತ್ತದಾ ಅಂತ ಕೇಳಿ, ತೊಂದರೆ ಕಡಿಮೆ. ಮೊದಲ ದಿನ ಬಿಸಿನೀರಿನಲ್ಲಿ ಮೆತ್ತಗಾದ ಜಾಲರಿಯ ಹಾಳೆಯನ್ನು ಅಮ್ಮನ ಮುಖದ ಮೇಲೆ ಎಳೆದು ಒತ್ತಿದರು. ಕೆಲವು ನಿಮಿಷದಲ್ಲಿ ಅದು ಗಟ್ಟಿಯಾಗಿ ಮುಖವಾಡವಾಯಿತು. "ಉಸಿರು ಕಟ್ಟುತ್ತೆ ಕಣೇ" ಅಂತ ಅಮ್ಮ ನನ್ನ ಕೈ ಹಿಡಿದುಕೊಂಡರು. ಜಾಲರಿಯಲ್ಲಿ ಗಾಳಿ ಆಡುತ್ತದೆ ಅಂತ ಮೊದಲೇ ಹೇಳಿಟ್ಟಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ನೀವು ಹೇಳಿಡಿ. ಕಣ್ಣಿನ ಮಸೂರಕ್ಕೆ ಮರೆ ಇಡಲು ಆಗುತ್ತದಾ ಅಂತಲೂ ಕೇಳಿ. ಗಂಟು ಎಲ್ಲಿದೆ ಅನ್ನುವುದರ ಮೇಲೆ ಅದು ನಿಂತಿದೆ. ಮುಂದೆ ಪೊರೆ ಬರಬಹುದು, ಕಣ್ಣು ಒಣಗಬಹುದು. ಕೃತಕ ಕಣ್ಣೀರು ಅಮ್ಮನಿಗೆ ಈಗಲೂ ಬೇಕು.

ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಯಿಂದ ಕೆಲವರಿಗೆ ಗಂಟು ಕರಗಿದ್ದುಂಟು. ಕ್ಲಮೈಡಿಯಾ ಸಿಟ್ಟಸಿ ಎಂಬ ಬ್ಯಾಕ್ಟೀರಿಯಾಕ್ಕೂ ಈ ಕಾಯಿಲೆಗೂ ನಂಟು ಇಟಲಿಯಲ್ಲಿ ಕಂಡಿತ್ತು, ಎಲ್ಲ ದೇಶದಲ್ಲೂ ಕಂಡಿಲ್ಲ. ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ. ವಯಸ್ಸಾದವರಿಗೆ ತೊಂದರೆ ಇಲ್ಲದಿದ್ದರೆ ಕಾದು ನೋಡೋಣ ಅನ್ನುವುದೂ ಸರಿಯಾದ ಸಲಹೆಯೇ. ಅದನ್ನು ಕೈಬಿಟ್ಟರು ಅಂದುಕೊಳ್ಳಬೇಡಿ.

ಇನ್ನು ನಮ್ಮ ನಿದ್ದೆ ಕೆಡಿಸಿದ್ದ ಪ್ರಶ್ನೆ: ಹರಡುತ್ತದಾ? ಮಾಲ್ಟ್‌ಗೆ ಡಾಕ್ಟರು ಮೂರು ವಿಷಯ ಲೆಕ್ಕ ಹಾಕುತ್ತಾರೆ. ವಯಸ್ಸು 70 ಅಥವಾ ಜಾಸ್ತಿಯಾ, ಕಾಯಿಲೆ ದೂರದವರೆಗೆ ಹೋಗಿದೆಯಾ, ಎಲ್‌ಡಿಎಚ್ ಏರಿದೆಯಾ. ಮೂರಕ್ಕೂ ಇಲ್ಲ ಅಂದರೆ ಅಪಾಯ ಕಡಿಮೆ. ಅಮ್ಮನಿಗೆ ಆಗ 66, ಮೂರೂ ಇರಲಿಲ್ಲ. ಆದರೂ ಇದು ಇನ್ನೊಂದು ಕಣ್ಣಿಗೋ, ಲಿಂಫ್ ಗ್ರಂಥಿಗೋ, ಹೊಟ್ಟೆಗೋ ಐದು, ಹತ್ತು ವರ್ಷದ ಮೇಲೂ ಬರಬಹುದು. ಕೆಲವೇ ಕೆಲವರಲ್ಲಿ ವೇಗದ ಬಗೆಗೆ ತಿರುಗುತ್ತದೆ. ಗಂಟು ದಿಢೀರ್ ಬೆಳೆದರೆ, ಕಾರಣವಿಲ್ಲದ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವ ಬೆವರು, ತೂಕ ಇಳಿತ ಕಂಡರೆ ಮುಂದಿನ ತಾರೀಕಿಗೆ ಕಾಯಬೇಡಿ.

ಅದಕ್ಕೇ ಚೆಕಪ್ ನಿಲ್ಲಿಸಬಾರದು. ನಮಗೆ ಮೊದಲ ಎರಡು ವರ್ಷ ನಾಲ್ಕು ತಿಂಗಳಿಗೊಮ್ಮೆ ಕರೆದರು, ಈಗ ವರ್ಷಕ್ಕೊಮ್ಮೆ. ಪ್ರತಿ ತಿಂಗಳ ಮೊದಲ ಭಾನುವಾರ ಅಡುಗೆಮನೆ ಕಿಟಕಿಯ ಬೆಳಕಿನಲ್ಲಿ ಅಮ್ಮ ಎರಡೂ ರೆಪ್ಪೆ ಎಳೆದು ಹಿಡಿಯುತ್ತಾರೆ, ನಾನು ಫೋನಿನಲ್ಲಿ ಫೋಟೋ ತೆಗೆದು ಹಿಂದಿನ ತಿಂಗಳದರ ಪಕ್ಕ ಇಟ್ಟು ನೋಡುತ್ತೇನೆ.