ಫ್ರಾಂಕ್-ರ್ಯೂಲ್: ಮೊಳೆಯಿಂದ ಫಾಂಟಿಗೆ, ನನ್ನ ಅನುಭವ

ಹೀಬ್ರೂ ಓದಲು ಬಾರದ ನಾನು ಹೀಬ್ರೂ ಫಾಂಟು ಮಾಡಹೊರಟಾಗ ಜೊತೆಗಾರರಲ್ಲಿ ನಕ್ಕವರೇ ಹೆಚ್ಚು. ಹೋದ ತಿಂಗಳು ಅದೇ ಫಾಂಟಿನಲ್ಲಿ ಸ್ವರಚಿಹ್ನೆಗಳ, ಅಂದರೆ ನಿಕುದ್‌ಗಳ ಸಮೇತ ಒಂದು ಪ್ರಾರ್ಥನಾ ಪುಸ್ತಕ ಅಚ್ಚಾಗಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಎತ್ತಿಕೊಂಡದ್ದು ಜರ್ಮನಿಯ ಲೈಪ್‌ಜಿಗ್‌ನ ಸಿನಗಾಗಿನಲ್ಲಿ (ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ) ಪ್ರಾರ್ಥನೆ ಹಾಡಿಸುತ್ತಿದ್ದ ರಫಾಯೆಲ್ ಫ್ರಾಂಕ್ ಅವರು 1910ರ ಸುಮಾರಿಗೆ ರ್ಯೂಲ್ ಎರಕಶಾಲೆಗೆ ರೂಪಿಸಿಕೊಟ್ಟ ಫ್ರಾಂಕ್-ರ್ಯೂಲ್ ಮೊಳೆಯನ್ನು, ಅಂದರೆ ಅಚ್ಚಿಗೆಂದು ಎರಕ ಹೊಯ್ದ ಲೋಹದ ಅಕ್ಷರಗಳನ್ನು. ಅದನ್ನೇ ಆಧರಿಸಿ ಯಾನೆಕ್ ಇಯೊಂತೆಫ್ ಮಾಡಿದ ಫ್ರಾಂಕ್ ರ್ಯೂಲ್ ಲಿಬ್ರೆ ಫಾಂಟು ಉಚಿತವಾಗಿಯೇ ಸಿಗುತ್ತದೆಯಾದರೂ ನನ್ನ ಗಿರಾಕಿಗೆ ಹಳೆಯ ಪುಟದ ಕಳೆಯೇ ಬೇಕಿತ್ತು. 19ನೇ ಶತಮಾನದ ಹೀಬ್ರೂ ಮೊಳೆಗಳಲ್ಲಿ ಅಡ್ಡಗೆರೆ ತೀರ ದಪ್ಪ, ನಿಲುಗೆರೆ ಕೂದಲೆಳೆ. ಫ್ರಾಂಕ್ ಆ ಅಂತರವನ್ನು ತಗ್ಗಿಸಿದ್ದರು. ನಾನು ಕೆಡಿಸಿದ್ದೂ ಅಲ್ಲಿಯೇ. ಸುಮಾರು 10 ಪಾಯಿಂಟಿನ ಪುಟಗಳನ್ನು ಸ್ಕ್ಯಾನ್ ಮಾಡಿ ಅಂಚಿನಗುಂಟ ಗೆರೆ ಎಳೆದಾಗ ಸಿಕ್ಕಿದ್ದು ಮೊಳೆಯ ಆಕಾರವಲ್ಲ, ಕಾಗದದಲ್ಲಿ ಹರಡಿದ ಶಾಯಿಯ ಆಕಾರ. ದಾಲೆತ್‌ನ ಬಲಮೂಲೆಯ ಚೂಪು ಕರಗಿ ಆ ಅಕ್ಷರ, ದುಂಡುಮೂಲೆಯ ಇನ್ನೊಂದು ಅಕ್ಷರವಾದ ರೇಶ್‌ನಂತೆ ಕಾಣತೊಡಗಿತು. ಗಿರಾಕಿ ಮುಂಗಡ ವಾಪಸು ಕೇಳಿದರು. ಸ್ಕ್ಯಾನು, ಪ್ರೂಫು ಎಲ್ಲ ಸೇರಿ ಮೂವತ್ತೈದು ನಲವತ್ತು ಸಾವಿರ ಮುಳುಗಿತು.

ಎರಡನೆಯ ಸಲ ದೊಡ್ಡ ಅಳತೆಯ ಮಾದರಿ ಪುಟ ಹುಡುಕಿ, ಒಂದೇ ಅಕ್ಷರದ ಏಳೆಂಟು ಮುದ್ರೆಗಳನ್ನು ಅಳೆದು, ಗೆರೆಗಳನ್ನು ಹೊಸದಾಗಿ ಎಳೆದೆ. ಶಾಯಿಗೆಂದು ಎಲ್ಲಿ ಎಷ್ಟು ಕಳೆಯಬೇಕೆಂಬ ಲೆಕ್ಕ ನನ್ನ ಬಳಿಯೇ ಇರಲಿ.

ನಿಜವಾಗಿ ಬೆವರಿಳಿಸಿದ್ದು ನಿಕುದ್. ಕನ್ನಡದ ಒತ್ತಕ್ಷರಗಳನ್ನು ಕೂರಿಸಿ ಪಳಗಿದ ಕೈಯೆಂಬ ಜಂಬದಲ್ಲಿ ಎಲ್ಲ ಅಕ್ಷರಗಳಿಗೂ ನಟ್ಟನಡುವೆ ಚಿಹ್ನೆ ಅಂಟಿಕೊಳ್ಳುವ ಬಿಂದುವನ್ನು, ಅಂದರೆ ಆ್ಯಂಕರ್ ಇಟ್ಟಿದ್ದೆ. ದಾಲೆತ್, ರೇಶ್‌ಗಳಿಗೆ ಚಿಹ್ನೆ ಬಲಗಾಲಿನ ಕೆಳಗೆ ಬರಬೇಕು; ಪದದ ಕೊನೆಗೆ ಬರುವ ಅಂತ್ಯ ಕಾಫ್‌ನ ಕಾಲು ಸಾಲಿನಿಂದ ಕೆಳಗಿಳಿಯುವುದರಿಂದ ಅದರ ಚಿಹ್ನೆ ಎಡಗಡೆಯ ಖಾಲಿ ಜಾಗದಲ್ಲಿ ಮೇಲಕ್ಕೆ ಕೂರಬೇಕು. ಇದಾದ ಮೇಲೂ ಒಂದು ಹಳೆಯ ತಂತ್ರಾಂಶದಲ್ಲಿ ಎಲ್ಲವೂ ಚೆದುರಿತು. ಚಿಹ್ನೆಗಳನ್ನು ಕೂರಿಸಲು ಫಾಂಟಿನಲ್ಲಿ ನಾನು ಬರೆದ ನಿಯಮಗಳು ಅಕ್ಷರದ ಬೆನ್ನಿಗೇ ದಾಗೇಶ್ (ಅಕ್ಷರದ ಒಳಗೆ ಕೂರುವ) ಚುಕ್ಕೆ ಬರುತ್ತದೆಂದು ನಂಬಿದ್ದವು. ಯೂನಿಕೋಡ್‌ನ ನಾರ್ಮಲೈಸೇಶನ್ ಕ್ರಮದಲ್ಲಾದರೋ (ಚಿಹ್ನೆಗಳ ಕೋಡುಗಳನ್ನು ಒಂದೇ ಗೊತ್ತಾದ ಸರಣಿಗೆ ತರುವ ಕ್ರಮ) ಸ್ವರಚಿಹ್ನೆ ಮೊದಲು, ದಾಗೇಶ್ ಆಮೇಲೆ. ಎರಡೂ ಕ್ರಮಗಳಿಗೆ ನಿಯಮ ಬರೆಯಲು ಮೂರು ವಾರ ಹಿಡಿಯಿತು.

ನಡುವೆ ಒಂದು ಹುಚ್ಚಾಟವೂ ನಡೆಯಿತು. ಮೊಳೆಯ ಕಾಲದಲ್ಲಿ ಸಾಲು ತುಂಬಿಸಲು ಆಲೆಫ್, ಹೇ, ಲಾಮೆದ್, ತಾವ್, ಅಂತ್ಯ ಮೇಮ್‌ಗಳ ಅಗಲ ರೂಪಗಳಿದ್ದವು. ಅವನ್ನು ತಂತ್ರಾಂಶದಲ್ಲೇ ಎಳೆದು ಹಿಗ್ಗಿಸಿದಾಗ ನಿಲುಗೆರೆಗಳೂ ಊದಿಕೊಂಡವು. ಅಡ್ಡಗೆರೆಯನ್ನಷ್ಟೇ ಉದ್ದ ಮಾಡಿ ಐದನ್ನೂ ಬೇರೆಯಾಗಿ ಬರೆದೆ. ಗಿರಾಕಿ ಬಳಸಿದ್ದು ಲಾಮೆದ್ ಒಂದನ್ನೇ, ಅದೂ ಎರಡು ಕಡೆ.

ಈಗ ಅವರೇ ದಪ್ಪಕ್ಷರದ ಫಾಂಟನ್ನೂ ಕೇಳಿದ್ದಾರೆ. ಈ ಸಲದ ಮುಂಗಡ ಮರಳಿಸುವಂಥದ್ದಲ್ಲವೆಂದು ಕರಾರಿನಲ್ಲೇ ಬರೆಸಿಕೊಂಡಿದ್ದೇನೆ.