18ನೆಯ ಶತಮಾನದ ಒಪೇರಾ ಮತ್ತು ವಾದ್ಯಸಂಗೀತ: ತಾಳಮದ್ದಳೆಯ ಕಿವಿಯಿಂದ ಕೇಳುವ ಬಗೆ

ಕಾಸರಗೋಡಿನ ಕಡೆ ಮಳೆಗಾಲದ ತಾಳಮದ್ದಳೆಗಳಲ್ಲಿ ಕುಳಿತು ಬೆಳೆದವರಿಗೆ ಒಂದು ಅಭ್ಯಾಸ ತಾನಾಗಿಯೇ ಬಂದಿರುತ್ತದೆ. ಭಾಗವತರ ಪದದಲ್ಲಿ ಭಾವ ನೆಲೆಗೊಳ್ಳುವುದನ್ನೂ ಅರ್ಥಧಾರಿಯ ಮಾತಿನಲ್ಲಿ ಪ್ರಸಂಗ ಬಿಚ್ಚಿಕೊಳ್ಳುವುದನ್ನೂ ಕಿವಿ ಬೇರೆಬೇರೆಯಾಗಿ ಹಿಡಿಯುತ್ತದೆ. ಯುರೋಪಿನ ಒಪೇರಾ, ಅಂದರೆ ಹಾಡಿನಲ್ಲಿ ನಡೆಯುವ ನಾಟಕ, ಕೇಳಲು ಇದಕ್ಕಿಂತ ಒಳ್ಳೆಯ ತಯಾರಿ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ.

ಮೊದಲು ಇಟಾಲಿಯನ್ ಭಾಷೆಯ ಗಂಭೀರ ಒಪೇರಾವನ್ನು, ಅಂದರೆ ಒಪೇರಾ ಸೀರಿಯಾವನ್ನು ಎತ್ತಿಕೊಳ್ಳಿ. ಇದರಲ್ಲಿ ಕಥೆ ಮುಂದುವರಿಯುವುದು ರೆಸಿಟಟಿವ್‌ನಲ್ಲಿ. ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯ ಮತ್ತು ದಪ್ಪ ದನಿಯ ದೊಡ್ಡ ಪಿಟೀಲಿನಂಥ ಚೆಲ್ಲೋಗಳ ಆಸರೆಯಲ್ಲಿ, ತಾಳದ ಬಿಗಿಯಿಲ್ಲದೆ, ಮಾತಿನ ಓಟಕ್ಕೆ ತಕ್ಕಂತೆ ಹಾಡುವ ಭಾಗ ಅದು. ಆಮೇಲೆ ಬರುವ ಆರಿಯಾದಲ್ಲಿ ಕಥೆ ನಿಂತು ಒಂದೇ ಭಾವ ಅರಳುತ್ತದೆ. ಹ್ಯಾಂಡೆಲ್ 1711ರಲ್ಲಿ ಲಂಡನ್ನಿಗಾಗಿ ರಚಿಸಿದ 'ರಿನಾಲ್ಡೊ'ದಲ್ಲಿ ಸೆರೆಯಾದ ಅಲ್ಮಿರೇನಾ ತನ್ನ ವಿಧಿಗಾಗಿ ಅಳಲು ಬಿಡಿ ಎಂದು ಕೇಳಿಕೊಳ್ಳುವ ಆರಿಯಾವನ್ನು ಮೂರು ಬಾರಿ ಕೇಳಿ. ಅದು ಡಾ ಕಾಪೊ ರೂಪದ್ದು: ಮೊದಲ ಭಾಗ, ಬೇರೆ ಬಣ್ಣದ ಚಿಕ್ಕ ಎರಡನೆಯ ಭಾಗ, ಮತ್ತೆ ಮೊದಲ ಭಾಗ. ಮರಳಿ ಬಂದಾಗ ಗಾಯಕಿ ತನ್ನದೇ ಅಲಂಕಾರಗಳನ್ನು ಸೇರಿಸುತ್ತಾಳೆ. ನಮ್ಮ ಕೃತಿಗಳಲ್ಲಿ ಚರಣ ಮುಗಿಸಿ ಪಲ್ಲವಿಗೆ ಬಂದಾಗ ಅದು ಹೊಸದಾಗಿ ಕೇಳಿಸುವಂತೆಯೇ ಇಲ್ಲಿಯೂ ಆಗುತ್ತದೆ. ಮೊದಲ ಬಾರಿ ಮರಳುವ ಜಾಗವನ್ನಷ್ಟೇ ಗುರುತಿಸಿ. ಅಲಂಕಾರಗಳನ್ನು ಹೋಲಿಸುವುದು ಆಮೇಲಿನ ಕೆಲಸ. ಈ ಒಪೇರಾಗಳಲ್ಲಿ ವೀರನಾಯಕನ ದನಿ ಎತ್ತರದ್ದಾಗಿರುವುದಕ್ಕೆ ಗಲಿಬಿಲಿಗೊಳ್ಳಬೇಕಾಗಿಲ್ಲ. ಅಂದು ಕಾಸ್ಟ್ರಾಟೊ ಗಾಯಕರು, ಅಂದರೆ ದನಿ ಒಡೆಯದಂತೆ ಎಳವೆಯಲ್ಲೇ ಬೀಜ ಒಡೆಸಿಕೊಂಡ ಗಂಡಸರು, ಹಾಡುತ್ತಿದ್ದ ಪಾತ್ರಗಳನ್ನು ಇಂದು ಮಹಿಳೆಯರೋ ಎತ್ತರದ ದನಿಯಲ್ಲಿ ಹಾಡುವ ಗಂಡಸರಾದ ಕೌಂಟರ್‌ಟೆನರ್‌ಗಳೋ ಹಾಡುತ್ತಾರೆ, ಮತ್ತು ಗಂಡಸರು ಸ್ತ್ರೀವೇಷ ಕಟ್ಟುವುದನ್ನು ಕಂಡ ನಮಗೆ ಇದು ಬೇಗ ಒಗ್ಗುತ್ತದೆ.

ಹಾಸ್ಯದ ಒಪೇರಾ ಬುಫಾಕ್ಕೆ ಪೆರ್ಗೊಲೇಸಿಯ 'ಲಾ ಸೆರ್ವಾ ಪದ್ರೋನಾ' ಸಾಕು. 1733ರಲ್ಲಿ ನೇಪಲ್ಸಿನಲ್ಲಿ, ಒಂದು ಗಂಭೀರ ಒಪೇರಾದ ಅಂಕಗಳ ನಡುವೆ ಆಡಿದ ಕಿರುನಾಟಕ ಇದು. ಹಾಡುವವರು ಇಬ್ಬರೇ, ಮೂರನೆಯವನಾದ ವೆಸ್ಪೋನೆಗೆ ಬಾಯಿಯಿಲ್ಲ, ಅಭಿನಯ ಮಾತ್ರ. ಚಾಕೊಲೇಟ್ ಪಾನೀಯ ಇನ್ನೂ ಬರಲಿಲ್ಲವೆಂದು ಯಜಮಾನ ಗೊಣಗುವಲ್ಲಿಗೇ ಅದು ತೊಡಗುತ್ತದೆ. ಅಲ್ಲಿಂದ ಮೊಟ್ಸಾರ್ಟನ 'ಫಿಗರೊನ ಮದುವೆ'ಗೆ (1786) ಹೋಗಿ. ಅದರ ಎರಡನೆಯ ಅಂಕದ ಕೊನೆಯಲ್ಲಿ ಗಂಡಹೆಂಡಿರ ಜಗಳ ಒಬ್ಬೊಬ್ಬರನ್ನೇ ಸೇರಿಸಿಕೊಳ್ಳುತ್ತ ಏಳು ದನಿಗಳಿಗೆ ಬೆಳೆಯುತ್ತದೆ. ರೆಸಿಟಟಿವ್‌ನ ನೆರವಿಲ್ಲದೆ ಸುಮಾರು ಇಪ್ಪತ್ತು ನಿಮಿಷ ಕಥೆ ಹಾಡಿನಲ್ಲಿಯೇ ಸಾಗುತ್ತದೆ.

ಜರ್ಮನ್ ಭಾಷೆಯ ಸಿಂಗ್‌ಶ್ಪೀಲ್ ನಮ್ಮ ಯಕ್ಷಗಾನದ ಆಟಕ್ಕೆ ಇನ್ನೂ ಹತ್ತಿರ, ಏಕೆಂದರೆ ಅದರಲ್ಲಿ ಹಾಡುಗಳ ನಡುವೆ ಮಾತೇ ಇರುತ್ತದೆ. ಮೊಟ್ಸಾರ್ಟನ 'ಮಾಯಾ ಕೊಳಲು' (1791) ಈ ಜಾತಿಯದು.

ವಾದ್ಯಸಂಗೀತಕ್ಕೆ ಬರುವಾಗ ಪದಗಳ ಆಸರೆ ತಪ್ಪುತ್ತದೆಯಾದ್ದರಿಂದ ಮರಳುವಿಕೆಯನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂಟಿ ವಾದ್ಯವೂ ವಾದ್ಯವೃಂದವೂ ಸರದಿಯಂತೆ ನುಡಿಸುವ ವಿವಾಲ್ಡಿಯ ಕನ್ಚೆರ್ಟೊಗಳಲ್ಲಿ ಇದು ಸುಲಭ. 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ 'ನಾಲ್ಕು ಋತುಗಳು' ಸಂಚಯದ ವಸಂತದಲ್ಲಿ ಹಕ್ಕಿ, ತೊರೆ, ಗುಡುಗುಗಳ ನಡುವೆ ವಾದ್ಯವೃಂದದ ಒಂದೇ ತುಣುಕು ಪಲ್ಲವಿಯಂತೆ ತಿರುತಿರುಗಿ ಬರುತ್ತದೆ.

ಇಡೀ ವಾದ್ಯವೃಂದ ನುಡಿಸುವ, ಹಲವು ಭಾಗಗಳ ಸಿಂಫನಿ ಹುಟ್ಟಿದ್ದು ಇಟಾಲಿಯನ್ ಒಪೇರಾದ ಪೀಠಿಕೆಯಾಗಿ ನುಡಿಸುತ್ತಿದ್ದ, ವೇಗ-ನಿಧಾನ-ವೇಗ ಎಂಬ ಮೂರು ಭಾಗಗಳ ಸಿನ್‌ಫೋನಿಯಾದ ಬಳಗದಲ್ಲಿ. ಇಲ್ಲಿ ಕರ್ನಾಟಕ ಸಂಗೀತದ ಕಿವಿಗೆ ನಿಜವಾದ ತೊಡಕೊಂದು ಎದುರಾಗುತ್ತದೆ: ನಮ್ಮಲ್ಲಿ ಆಧಾರ ಷಡ್ಜ ಅಲುಗುವುದಿಲ್ಲ, ಇಲ್ಲಿ ಷಡ್ಜವೇ ಮನೆ ಬದಲಾಯಿಸುತ್ತದೆ. ಮೊಟ್ಸಾರ್ಟನ 40ನೆಯ ಸಿಂಫನಿಯ (1788) ಮೊದಲ ಭಾಗವನ್ನು ಹಾಕಿ, ಐದು ಮನೆ ಶ್ರುತಿಯ (ಪಾಶ್ಚಾತ್ಯರ G) ಷಡ್ಜವನ್ನು ಗುನುಗಿಕೊಳ್ಳಿ. ಪಿಟೀಲುಗಳ ತಳಮಳದ ಮೊದಲ ರಾಗ (ಇಲ್ಲಿ ರಾಗವೆಂದರೆ ಧಾಟಿ) ಅದರ ಮೇಲೆ ನಿಂತಿದೆ. ಸ್ವಲ್ಪ ಹೊತ್ತಿನಲ್ಲಿ ಸಂಗೀತ ಗಕ್ಕನೆ ನಿಂತು, ಪಿಟೀಲುಗಳೂ ಊದುವಾದ್ಯಗಳೂ ಹಂಚಿಕೊಂಡು ನುಡಿಸುವ, ಇಳಿದು ಬರುವ ಎರಡನೆಯ ರಾಗ ಕೇಳಿಸುತ್ತದೆ. ಅಲ್ಲಿ ರೆಕಾರ್ಡನ್ನು ತಡೆದು ಶ್ರುತಿಪೆಟ್ಟಿಗೆಯನ್ನು ಹಿಡಿದು ನೋಡಿ: ಹಳೆಯ ಷಡ್ಜ ಈಗ ನೆಲೆಯಲ್ಲ, ನಮ್ಮ ಸಾಧಾರಣ ಗಾಂಧಾರದ ಜಾಗವೇ ಹೊಸ ಷಡ್ಜವಾಗಿದೆ ಮತ್ತು ಅದರ ಮೇಲೆ ಶಂಕರಾಭರಣದಂಥ ಬೆಳಕಿದೆ. ನಡುವಿನ ವಿಸ್ತಾರದಲ್ಲಿ ಷಡ್ಜ ಅಲೆದಾಡಿ ಮನೆಗೆ ಬಂದ ಮೇಲೆ ಅದೇ ಎರಡನೆಯ ರಾಗ ಮೂಲ ಷಡ್ಜದ ಮೇಲೆ, ಕೀರವಾಣಿಯ ಛಾಯೆಯಲ್ಲಿ, ದುಃಖದ ಮುಖ ಹೊತ್ತು ಬರುತ್ತದೆ. ಸೊನಾಟಾ ರೂಪ ಎಂದರೆ ಮುಖ್ಯವಾಗಿ ಇದೇ.

ಕೊನೆಗೆ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋಗಳ ಕ್ವಾರ್ಟೆಟ್. ಇದು ನಾಲ್ಕು ಜನ ಅರ್ಥಧಾರಿಗಳ ಸಂವಾದವಿದ್ದಂತೆ, ಆದ್ದರಿಂದ ಒಂದು ಬಾರಿ ಒಂದೇ ವಾದ್ಯವನ್ನು ಹಿಂಬಾಲಿಸಿ. ಹೈಡನ್ನನ 33ನೆಯ ಓಪಸ್ಸಿನ, ಅಂದರೆ ಆ ಸಂಖ್ಯೆಯ ಕೃತಿಗುಚ್ಛದ (1781), ಎರಡನೆಯ ಕ್ವಾರ್ಟೆಟ್ಟಿನ ಕೊನೆಯ ಭಾಗದಲ್ಲಿ ಪರಿಚಿತ ರಾಗ ತುಂಡುತುಂಡಾಗಿ, ನಡುನಡುವೆ ಮೌನ ಬಿಟ್ಟು ಬರುತ್ತದೆ. ಮುಗಿಯಿತೆಂದು ಎದ್ದುಬಿಡಬೇಡಿ, ದೀರ್ಘ ಮೌನದ ನಂತರ ಮೊಟ್ಟಮೊದಲ ತುಣುಕು ಪಿಸುದನಿಯಲ್ಲಿ ಇನ್ನೊಮ್ಮೆ ಬರುವುದಿದೆ, ಅದರ ಮುಂದೆ ಏನೂ ಇಲ್ಲ.