ಜ್ಯಾಂಗೋದಲ್ಲಿ ಸಿಎಸ್‌ಎಸ್, ಜೆಎಸ್ ಸಣ್ಣ ಮಾಡ್ಲಿಕ್ಕೆ
ಜ್ಯಾಂಗೋದಲ್ಲಿ (ಪೈಥಾನಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್) ಸೈಟ್ ಮಾಡುವವ್ರು ಒಮ್ಮೆ ನೋಡಿ. ನಮ್ಮ ಬದಿಯಡ್ಕ, ಮುಳ್ಳೇರಿಯ ಕಡೆ ಗುಡ್ಡದ ಮೂಲೆಯಲ್ಲಿ ನೆಟ್ ಹೇಗೆ ಅಂತ ಗೊತ್ತುಂಟಲ್ಲ, ಸಿಎಸ್‌ಎಸ್ (ಪೇಜಿನ ಅಂದದ ಕೋಡ್), ಜೆಎಸ್ (ಜಾವಾಸ್ಕ್ರಿಪ್ಟ್) ಅಂತ ಏಳೆಂಟು ಫೈಲ್ ಬೇರೆ ಬೇರೆ ಲೋಡ್ ಆಗುವಷ್ಟರಲ್ಲಿ ಜನ ಪೇಜ್ ಮುಚ್ಚಿ ಹೋಗ್ತಾರೆ. ಜ್ಯಾಂಗೋ ಕಂಪ್ರೆಸರ್ ಅಂತ ಪ್ಯಾಕೇಜ್ ಹಾಕಿ, ಟೆಂಪ್ಲೇಟಲ್ಲಿ (ಪೇಜಿನ ಎಚ್‌ಟಿಎಂಎಲ್ ಫೈಲ್) ಆ ಫೈಲ್‌ಗಳ ಲಿಂಕ್‌ಗಳನ್ನೆಲ್ಲ ಕಂಪ್ರೆಸ್ ಬ್ಲಾಕ್ ಒಳಗೆ ಇಟ್ರೆ ಸಿಎಸ್‌ಎಸ್‌ಗೊಂದು ಜೆಎಸ್‌ಗೊಂದು ಸಣ್ಣ ಫೈಲ್ ಆಗ್ತದೆ, ಸ್ಯಾಸ್ (ಸಿಎಸ್‌ಎಸ್ ಸುಲಭದಲ್ಲಿ ಬರೆಯುವ ಭಾಷೆ) ಬರೆಯುವವ್ರು ಪ್ರಿಕಂಪೈಲರ್ ಸೆಟ್ಟಿಂಗ್ ಕೊಟ್ರೆ ಅದನ್ನೂ ಸಿಎಸ್‌ಎಸ್ ಆಗಿ ಕಂಪೈಲ್ ಮಾಡಿಸ್ತದೆ. ಡಿಬಗ್ (ಸೈಟ್ ಮಾಡುವಾಗ ತಪ್ಪು ಹುಡುಕ್ಲಿಕ್ಕೆ ಇಡುವ ಸೆಟ್ಟಿಂಗ್) ಆನ್ ಇದ್ರೆ ಫೈಲ್‌ಗಳನ್ನು ಒಟ್ಟು ಮಾಡುದಿಲ್ಲ, ಹಾಗಾಗಿ ನಿಮ್ಮ ಲ್ಯಾಪ್‌ಟಾಪಲ್ಲಿ ನೋಡಿ ಕೆಲಸ ಮಾಡ್ತಿಲ್ಲ ಅಂತ ಗಾಬರಿ ಆಗ್ಬೇಡಿ.

ಸರ್ವರಲ್ಲಿ ಆಫ್‌ಲೈನ್ ಕಂಪ್ರೆಷನ್ (ಜನ ಪೇಜ್ ತೆರೆಯುವ ಮೊದ್ಲೇ ಫೈಲ್ ಸಣ್ಣ ಮಾಡಿ ಇಡುದು) ಆನ್ ಮಾಡುದೇ ಒಳ್ಳೇದು, ಆದ್ರೆ ಮೊದ್ಲು ಕಲೆಕ್ಟ್‌ಸ್ಟ್ಯಾಟಿಕ್ (ಇಂಥ ಫೈಲ್‌ಗಳನ್ನೆಲ್ಲ ಒಂದೇ ಫೋಲ್ಡರಿಗೆ ತರುವ ಕಮಾಂಡ್), ಮತ್ತೆ ಕಂಪ್ರೆಸ್ ಕಮಾಂಡ್ ಓಡಿಸ್ಬೇಕು, ಸೈಟ್ ಸರ್ವರಿಗೆ ಹಾಕುವ ಪ್ರತಿ ಡಿಪ್ಲಾಯ್‌ಗೂ. ಟೆಂಪ್ಲೇಟಲ್ಲಿ ಆ ಕಂಪ್ರೆಸ್ ಬ್ಲಾಕ್ ಬದಲಿಸಿ ಈ ಕಂಪ್ರೆಸ್ ಕಮಾಂಡ್ ಮರ್ತ್ರೆ ಸೀದಾ 500 ಎರರ್ (ಪೇಜೇ ಬರುದಿಲ್ಲ), ನನಗೆ ಒಮ್ಮೆ ಆಗಿದೆ.